600 ಮುಗಿದ ಮೇಲಿನ ಎರಡು ವಾರ

(ಧಾರವಾಡದಲ್ಲಿ ದೂರದ ಸೈಕಲ್ ಸವಾರರ ಎದುರು ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. 200 ಕಿಲೊಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಯ ಈ ಲೆಕ್ಕ ಇಲ್ಲಿ ಕೂತವರಿಗೆಲ್ಲ ಬಾಯಿಪಾಠ. ಟೈರಿಗೆ ಎಷ್ಟು ಗಾಳಿ, ಚಹಾಕ್ಕೆ ಎಲ್ಲಿ ನಿಲ್ಲಬೇಕು ಅನ್ನುವುದೂ ಗೊತ್ತು. ಕೊನೆಯ ಕಂಟ್ರೋಲಿನಲ್ಲಿ, ಅಂದರೆ ತಪಾಸಣೆಯ ಠಾಣ್ಯದಲ್ಲಿ, ಬ್ರೆವೆ ಕಾರ್ಡಿಗೆ ಸಹಿ ಬಿದ್ದ ಮೇಲೆ ಏನು ಅಂತ ಕೇಳಿದರೆ ಮಾತ್ರ ಎಲ್ಲರ ಉತ್ತರ ಒಂದೇ: "ಮಲಗೂದ್ರಿ, ಮತ್ತೇನು?" ಮಲಗಬೇಕು, ಖರೆ. ಆದರೆ ಮಲಗಿ ಎದ್ದರೆ ಹೋಗುವುದು ಒಂದು ಬಗೆಯ ಸುಸ್ತು ಮಾತ್ರ.

ಸುಸ್ತು ಅನ್ನುವ ಒಂದೇ ಚೀಲದಲ್ಲಿ ನಾವು ಐದಾರು ಸಾಮಾನು ತುಂಬಿಬಿಟ್ಟಿದ್ದೇವೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೊಜನ್, ತಳ ಕಂಡಿರುತ್ತದೆ. ನೀರು-ಉಪ್ಪಿನ ತೂಕ ತಪ್ಪಿರುತ್ತದೆ. ಸ್ನಾಯುವಿನ ಎಳೆಗಳು ಅಲ್ಲಲ್ಲಿ ಹರಿದಿರುತ್ತವೆ. ಒಂದೆರಡು ರಾತ್ರಿಯ ನಿದ್ದೆ ಬಾಕಿ ಇರುತ್ತದೆ. ಅಂಗೈ, ಪಾದ, ಕೂರುವ ಜಾಗದ ನರಗಳು ಒತ್ತಿಸಿಕೊಂಡು ಜೋಮು ಹಿಡಿದಿರುತ್ತವೆ. ಮೊಣಕಾಲು, ಹಿಮ್ಮಡಿಯ ಗಟ್ಟಿ ನಾರುಗಳು ಕೆರಳಿರುತ್ತವೆ. ಇವೆಲ್ಲ ಒಂದೇ ಹೊತ್ತಿಗೆ ರಿಪೇರಿ ಆಗುವುದಿಲ್ಲ. ಗ್ಲೈಕೊಜನ್ ಒಂದೆರಡು ದಿನದಲ್ಲಿ ತುಂಬಿದರೆ, ನರಕ್ಕೆ ವಾರಗಳೇ ಬೇಕಾಗಬಹುದು.

ಎಲ್ಲಕ್ಕಿಂತ ಮೊದಲು ಹಗುರಾಗುವುದು ಕಾಲು. ಮೋಸ ಇರುವುದೂ ಅಲ್ಲೇ. ಓಡುವಾಗ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಮೈಭಾರ ತಡೆಯುತ್ತಲೇ ಉದ್ದವಾಗುತ್ತದೆ, ಎಳೆಗಳು ಹರಿಯುವುದು ಆಗ. ಮ್ಯಾರಥಾನ್ ಓಡಿದವರು ಎರಡು ದಿನ ಮೆಟ್ಟಿಲು ಇಳಿಯಲಾರರು. ಪೆಡಲ್ ತುಳಿಯುವಾಗ ಸ್ನಾಯು ಬಹುಪಾಲು ಕುಗ್ಗುವ ಕೆಲಸವನ್ನಷ್ಟೇ ಮಾಡುತ್ತದೆ, ಹಾಗಾಗಿ ನೋವು ಕಡಿಮೆ. ನೋವಿಲ್ಲ, ಅಂದಮೇಲೆ ಸುಸ್ತೂ ಇಲ್ಲ ಅಂದುಕೊಂಡು ನಾಲ್ಕನೇ ದಿನ ಮತ್ತೆ ಜೋರಾಗಿ ತುಳಿದವರೇ ಆಮೇಲೆ ಮೊಣಕಾಲು ಹಿಡಿದುಕೊಂಡು ತಿಂಗಳು ಕೂರುವುದು.

ಮೊದಲ ಒಂದು ತಾಸಿನಿಂದ ಶುರು ಮಾಡೋಣ. ಕೊನೆಯ 2-3 ಕಿಲೊಮೀಟರ್ ಹಗುರ ಗೇರಿನಲ್ಲಿ ಬನ್ನಿ. ಸಮಯ ಮೀರುವ ಹಾಗಿದ್ದರೆ ಅದು ಆಗದು. ಆಗ ಇಳಿದ ಮೇಲೆ ಸೈಕಲ್ ಹಿಡಿದುಕೊಂಡೇ 10 ನಿಮಿಷ ಅಡ್ಡಾಡಿ. ತುಳಿಯುವಾಗ ತೊಡೆ, ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಥಟ್ಟನೆ ನಿಂತರೆ ಆ ಪಂಪೂ ನಿಲ್ಲುತ್ತದೆ, ರಕ್ತ ಕಾಲಲ್ಲೇ ಉಳಿಯುತ್ತದೆ, ತಲೆ ಗಿರ್ರ್ ಅನ್ನುತ್ತದೆ. ಫೋಟೊಕ್ಕೆ ನಿಂತಲ್ಲೇ ಕುಸಿಯುವವರು ಕುಸಿಯುವುದು ಹೀಗೆ. ಬಿದ್ದವರನ್ನು ಎಬ್ಬಿಸಿ ಕೂಡ್ರಿಸಬೇಡಿ. ಮಲಗಿಸಿ, ಕಾಲು ಒಂದಡಿ ಎತ್ತರದಲ್ಲಿಡಿ. ಎರಡು ಮೂರು ನಿಮಿಷದಲ್ಲಿ ಚೇತರಿಸಿಕೊಳ್ಳದಿದ್ದರೆ, ಮಾತು ತೊದಲಿದರೆ, ಅದು ಬರೀ ತಲೆಸುತ್ತಲ್ಲ, ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಗೆ ಬಂದಕೂಡಲೇ ಸುಡುನೀರಿನ ಎಣ್ಣೆಸ್ನಾನವೂ ಇದೇ ಕಾರಣಕ್ಕೆ ಬೇಡ. ಬಿಸಿನೀರಿಗೆ ಚರ್ಮದ ರಕ್ತನಾಳ ಹಿಗ್ಗುತ್ತದೆ, ಮೊದಲೇ ನೀರು ಕಡಿಮೆಯಾದ ಮೈಯಲ್ಲಿ ರಕ್ತದೊತ್ತಡ ಇನ್ನೂ ಇಳಿಯುತ್ತದೆ. ಬಚ್ಚಲಲ್ಲಿ ಜಾರಿ ಬೀಳುವುದಕ್ಕಿಂತ ಉಗುರುಬೆಚ್ಚಗಿನ ನೀರು ವಾಸಿ.

ಒದ್ದೆ ಪ್ಯಾಡಿನ ಚಡ್ಡಿಯಲ್ಲಿ ಹರಟೆಗೆ ಕೂರುವುದು ಇನ್ನೊಂದು ರೂಢಿ. ಬೆವರು, ಉಪ್ಪು, ತಿಕ್ಕಿ ತೆಳುವಾದ ಚರ್ಮ: ಕುರು ಏಳುವುದಕ್ಕೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದಿಲ್ಲ. ಅರ್ಧ ತಾಸಿನೊಳಗೆ ಬದಲಿಸಿ, ಸಾದಾ ಸೋಪಿನಲ್ಲಿ ತೊಳೆದು, ಒತ್ತಿ ಒರೆಸಿ (ತಿಕ್ಕಿ ಅಲ್ಲ), ಸಡಿಲ ಲುಂಗಿ ಉಟ್ಟುಕೊಳ್ಳಿ. ಕೆಂಪಾದಲ್ಲಿ ಝಿಂಕ್ ಆಕ್ಸೈಡ್ ಮುಲಾಮು ಸಾಕು. ಗಂಟು ಕಟ್ಟಿದ್ದರೆ ಹಿಚುಕಬೇಡಿ. ಕೆಂಪು ಹರಡುತ್ತ ಹೋದರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ನಾಚಿಕೆ ಪಟ್ಟು ಒಂದು ವಾರ ತಡಮಾಡಿದರೆ ಕೊಯ್ದು ಕೀವು ತೆಗೆಯಬೇಕಾದೀತು.

ಈಗ ಊಟ. ನಮ್ಮ ಕಡೆ 600 ಮುಗಿಸಿದವರಿಗೆ ಮೊದಲು ಸಿಗುವ ಸತ್ಕಾರ ಬಿಸಿ ಮಿರ್ಚಿ ಭಜಿ. ಮಿರ್ಚಿಯ ಮೇಲೆ ನನಗೆ ಸಿಟ್ಟಿಲ್ಲ, ಹೊತ್ತಿನ ಬಗ್ಗೆ ತಕರಾರಿದೆ. ಗಂಟೆಗಟ್ಟಲೆ ತುಳಿಯುವಾಗ ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹೋಗಿ ಕರುಳಿಗೆ ಸಾಲದೇ ಬಂದಿರುತ್ತದೆ. ಅಂಥ ಕರುಳಿಗೆ ಎಣ್ಣೆ, ಖಾರ ಬಿದ್ದರೆ ಎದೆಯುರಿ, ಇಲ್ಲವೇ ಭೇದಿ. ಮೊದಲ ತಾಸಿನಲ್ಲಿ ಬೇಕಿರುವುದು ಮೈತೂಕದ ಪ್ರತಿ ಕಿಲೊಗೆ ಸುಮಾರು 1 ಗ್ರಾಂ ಪಿಷ್ಟ ಅಥವಾ ಸಕ್ಕರೆ. 65 ಕಿಲೊ ತೂಕದವರಿಗೆ 65 ಗ್ರಾಂ. 200 ಗ್ರಾಂ ಬೆಂದ ಅನ್ನದಲ್ಲಿ 55 ಗ್ರಾಂ ಬರುತ್ತದೆ. ಅದಕ್ಕೆ ಮೊಸರು ಕಲಸಿ, ಉಪ್ಪು ಹಾಕಿ, ಮೇಲೊಂದು ಸಣ್ಣ ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡರೆ ಲೆಕ್ಕ ಮುಗಿಯಿತು. ಪೌಡರ್ ಡಬ್ಬಿಗೆ ಸಾವಿರಗಟ್ಟಲೆ ಕೊಡುವ ಕೆಲಸ ಮೊಸರನ್ನ ಮಾಡುತ್ತದೆ. ಎರಡನೇ ಸುತ್ತಿಗೆ ಗಿರ್ಮಿಟ್ ಆದೀತು: ಚುರುಮುರಿ ಬೇಗ ಕರಗುವ ಪಿಷ್ಟ. ಖಾರ, ಎಣ್ಣೆ ಕಡಿಮೆ ಹಾಕಿಸಿ. ಭಜಿ ಮರುದಿನ ಸಂಜೆಗೆ ಇರಲಿ.

"ಅರ್ಧ ತಾಸಿನೊಳಗ ತಿನ್ನದಿದ್ರ ಎಲ್ಲಾ ವೇಸ್ಟ್" ಅನ್ನುವ ಮಾತು ಜಿಮ್ಮಿನಿಂದ ಬಂದದ್ದು. ಮರುದಿನವೇ ಮತ್ತೆ ಸೈಕಲ್ ಹತ್ತುವವರಿಗೆ ಮೊದಲ ನಾಲ್ಕು ತಾಸು ಮುಖ್ಯ, ಅವರು ಗಂಟೆಗೊಮ್ಮೆ ಅಷ್ಟಷ್ಟು ತಿನ್ನಬೇಕು. 600 ಮುಗಿಸಿ ಮನೆಯಲ್ಲಿ ಕೂರುವವರಿಗೆ ಇಡೀ ದಿನದ ಮೊತ್ತವೇ ದೊಡ್ಡದು. ಮೊದಲೆರಡು ದಿನ ಕಿಲೊಗೆ 7 ಗ್ರಾಂ ಪಿಷ್ಟ, 65 ಕಿಲೊದವರಿಗೆ 455 ಗ್ರಾಂ. ಹಸಿವು ಹೇಗೂ ಬಕಾಸುರನ ಹಾಗೆ ಇರುತ್ತದೆ, ಇದನ್ನು ಅಳೆದು ತಿನ್ನುವ ಅಗತ್ಯ ಬೀಳದು.

ಅಳೆಯಬೇಕಾದ್ದು ಪ್ರೋಟೀನ್. ಕಿಲೊಗೆ 1.6 ಗ್ರಾಂ, ಅಂದರೆ 65 ಕಿಲೊದವರಿಗೆ ದಿನಕ್ಕೆ 104 ಗ್ರಾಂ. ಸಸ್ಯಾಹಾರಿ ಮನೆಗಳಲ್ಲಿ ಇದು ಅರ್ಧಕ್ಕೇ ನಿಲ್ಲುತ್ತದೆ. ತಾಟಿನ ಮೂಲೆಯಲ್ಲಿ ಎರಡು ಚಮಚ ಹೆಸರುಕಾಳಿನ ಪಲ್ಯ ಬಡಿಸಿಕೊಂಡು "ಕಾಳು ತಿಂದೆ" ಅಂದರೆ 5 ಗ್ರಾಂ ಕೂಡ ಸಿಕ್ಕಿರುವುದಿಲ್ಲ. ಒಣಕಾಳು 50 ಗ್ರಾಂ ತೂಗಿ, ನೆನೆಸಿ ಬೇಯಿಸಿ, ಅಷ್ಟನ್ನೂ ಒಬ್ಬರೇ ತಿಂದರೆ 12 ಗ್ರಾಂ. 120 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿಗೆ ಇನ್ನೊಂದು 12. ಒಂದು ಬಟ್ಟಲು ಗಟ್ಟಿ ಮೊಸರಿಗೆ 5. ಒಂದು ಊಟಕ್ಕೆ 29 ಆಯಿತು. ಇಂಥವು ಎರಡು, ನಡುವೆ ಎರಡು ಲೋಟ ಹಾಲು, ಎರಡು ಹಿಡಿ ಶೇಂಗಾ, ತಿನ್ನುವವರಿಗೆ ಮೊಟ್ಟೆ: ಹೀಗೆ ನಾಲ್ಕೈದು ಕಂತಿನಲ್ಲಿ ಹಂಚಿ. ರಾತ್ರಿ ಒಂದೇ ಊಟದಲ್ಲಿ ತುರುಕಬೇಡಿ. ಜೋಳದ ರೊಟ್ಟಿಯನ್ನು ಮಾತ್ರ ಮೊದಲ ಊಟಕ್ಕೆ ಬೇಡ ಅನ್ನುತ್ತೇನೆ. ನಾರು ಹೆಚ್ಚು, ಸೋತ ಹೊಟ್ಟೆಗೆ ಭಾರ.

ನೀರಿನ ವಿಷಯದಲ್ಲಿ ತಪ್ಪು ಎರಡೂ ಕಡೆ ಆಗುತ್ತದೆ. ನವಲಗುಂದ-ನರಗುಂದದ ಎರೆಹೊಲದ ಬಯಲಲ್ಲಿ ಏಪ್ರಿಲ್ ಬಿಸಿಲಿಗೆ ಒಣಗಿ ಬಂದವರು ಒಂದು ಬಗೆ. ಹೆದರಿ ಹೆದರಿ ಬರೀ ನೀರು ಕುಡಿದು ಉಬ್ಬಿ ಬಂದವರು ಇನ್ನೊಂದು ಬಗೆ. ಇವರಿಬ್ಬರಿಗೂ ತಲೆನೋವು, ವಾಕರಿಕೆ ಇರುತ್ತದೆ, ಮುಖ ನೋಡಿ ಹೇಳಲಾಗದು. ತಕ್ಕಡಿ ಹೇಳುತ್ತದೆ. ಹೊರಡುವ ಮುನ್ನ ಮತ್ತು ಬಂದ ಮೇಲೆ, ಅದೇ ತಕ್ಕಡಿ, ಅಷ್ಟೇ ಬಟ್ಟೆ. ಮೈಯ ಗ್ಲೈಕೊಜನ್ನೂ ಅದರ ಜೊತೆಗಿನ ನೀರೂ ಖರ್ಚಾಗಿರುವುದರಿಂದ ಒಂದು ಕಿಲೊ ಕಡಿಮೆಯಾದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚು ಇಳಿದಿದ್ದರೆ, ಹೆಚ್ಚುವರಿ ಪ್ರತಿ ಕಿಲೊಗೆ 1.25ರಿಂದ 1.5 ಲೀಟರ್, ಉಪ್ಪಿನ ಜೊತೆ, ನಾಲ್ಕರಿಂದ ಆರು ತಾಸಿನಲ್ಲಿ ಗುಟುಕು ಗುಟುಕಾಗಿ. ಒಂದೇ ಏಟಿಗೆ ಕುಡಿದರೆ ಮೂತ್ರವಾಗಿ ಹೋಗುತ್ತದೆ. ಲೀಟರ್ ಮಜ್ಜಿಗೆಗೆ ಅರ್ಧ ಚಹಾ ಚಮಚ ಉಪ್ಪು ಹಾಕಿಕೊಂಡರೆ ಬೇರೆ ಏನೂ ಬೇಕಿಲ್ಲ.

ತೂಕ ಇಳಿಯುವ ಬದಲು ಏರಿದ್ದರೆ, ಉಂಗುರ ಬೆರಳಲ್ಲಿ ಬಿಗಿಯಾಗಿದ್ದರೆ, ನೀರು ನಿಲ್ಲಿಸಿ. ರಕ್ತದ ಸೋಡಿಯಂ ತೆಳುವಾಗಿರಬಹುದು. ಅದರ ಜೊತೆ ಗೊಂದಲ, ಮತ್ತೆ ಮತ್ತೆ ವಾಂತಿ, ವಿಪರೀತ ತಲೆನೋವು ಇದ್ದರೆ ಆಸ್ಪತ್ರೆಗೆ ಹೋಗಲು ತಡಮಾಡಬೇಡಿ. "ಡಿಹೈಡ್ರೇಶನ್ ಆಗೇತಿ" ಅಂತ ಇನ್ನಷ್ಟು ನೀರು ಕುಡಿಸುವುದು ಅಪಾಯ, ಮೆದುಳು ಊದಿಕೊಳ್ಳುತ್ತದೆ. ಪಾದ, ಹರಡು ಎರಡು ಮೂರು ದಿನ ಊದಿರುವುದು ಮಾತ್ರ ಸಾಮಾನ್ಯ, ಅದು ತಾನಾಗಿ ಇಳಿಯುತ್ತದೆ.

ಓಆರ್‌ಎಸ್ ಪುಡಿಯ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡಿಗೆ ಉಪ್ಪು, 1.5 ಗ್ರಾಂ ಪೊಟ್ಯಾಶಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಲೀಟರಿನ ಪೊಟ್ಟಣವನ್ನು ಸೈಕಲ್ಲಿನ ಅರ್ಧ ಲೀಟರ್ ಬಾಟಲಿಗೆ ಸುರಿಯುವುದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು. ಎರಡು ಪಟ್ಟು ಗಟ್ಟಿಯಾದ ದ್ರಾವಣ ಮೈಗೆ ನೀರು ಕೊಡುವ ಬದಲು ಮೈಯಿಂದಲೇ ಕರುಳಿಗೆ ನೀರು ಎಳೆಯುತ್ತದೆ. ಇನ್ನು ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳು ಬೇರೆಯೇ ಜಾತಿ, ಹಿಂದೆ ತಿರುಗಿಸಿ ಸಕ್ಕರೆ ಎಷ್ಟೆಂದು ಓದಿ.

ನೋವಿನ ಗುಳಿಗೆಯ ವಿಷಯವನ್ನು ನಾನು ಒತ್ತಿ ಹೇಳುತ್ತೇನೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಬೇಡ, ಗುಳಿಗೆಯೂ ಬೇಡ, "ಒಂದು ಸೂಜಿ ಹಾಕ್ಬಿಡ್ರಿ ಡಾಕ್ಟ್ರ" ಅನ್ನುವುದೂ ಬೇಡ. ಹರಿದ ಸ್ನಾಯುವಿನಿಂದ ಮಯೊಗ್ಲೋಬಿನ್ ಅನ್ನುವ ಕೆಂಪು ಪ್ರೋಟೀನ್ ಸೋರಿ ಮೂತ್ರಪಿಂಡಕ್ಕೆ ಬರುತ್ತಿರುತ್ತದೆ. ನೀರು ಸಾಲದ ಮೂತ್ರಪಿಂಡ ಅದನ್ನು ಹೊರಹಾಕಲು ಮೊದಲೇ ಒದ್ದಾಡುತ್ತಿರುವಾಗ ಈ ಔಷಧಿಗಳು ಅದರ ರಕ್ತದ ಹರಿವನ್ನು ಇನ್ನೂ ತಗ್ಗಿಸುತ್ತವೆ. ಮೂತ್ರ ಹಾಲಿಲ್ಲದ ಕಡು ಚಹಾದ ಬಣ್ಣಕ್ಕೆ ಬಂದರೆ, ಜೊತೆಗೆ ತೊಡೆ ಮುಟ್ಟಿದರೆ ಚೀರುವಷ್ಟು ನೋವಿದ್ದರೆ, ಅದೇ ದಿನ ಆಸ್ಪತ್ರೆಗೆ. ತೀರಾ ತಡೆಯಲಾಗದ ಮಾಮೂಲಿ ನೋವಿಗೆ, ಯಕೃತ್ತಿನ ತೊಂದರೆ ಇಲ್ಲದವರಿಗೆ, ಪ್ಯಾರಾಸಿಟಮಾಲ್ 500 ಸಾಕು.

ನಿದ್ದೆ. 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಚುರುಕು ರಕ್ತದಲ್ಲಿ 0.05% ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 0.03%. 600 ಮುಗಿಸಿದವರು ಎರಡು ದಿನದಲ್ಲಿ ಮಲಗಿರುವುದು ಎರಡು ಮೂರು ತಾಸು. ಸೈಕಲ್ ಹಿಂದೆ ಕಟ್ಟಿಕೊಂಡು ಹಾವೇರಿಗೋ ಗದಗಿಗೋ ತಾವೇ ಕಾರು ಓಡಿಸಿಕೊಂಡು ಹೋಗುವುದನ್ನು ಧೈರ್ಯ ಅನ್ನಬೇಡಿ. ಬಸ್ಸಿದೆ, ರೈಲಿದೆ, ಮನೆಯಿಂದ ಒಬ್ಬರು ಬರಬಹುದು. ಯಾವುದೂ ಇಲ್ಲದಿದ್ದರೆ ಅಲ್ಲೇ ಊರಲ್ಲಿ ಒಂದು ರಾತ್ರಿ ಲಾಡ್ಜ್.

ಮೊದಲ ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ, ಇದಕ್ಕೆ ಹೆದರಬೇಡಿ. ಕಾಲು ಮಿಡಿಯುತ್ತದೆ, ಬೆವರು ಬರುತ್ತದೆ, ಮೂರು ಗಂಟೆಗೆ ಹಸಿವಾಗಿ ಎಚ್ಚರವಾಗುತ್ತದೆ. ಹಾಸಿಗೆ ಪಕ್ಕದಲ್ಲಿ ಎರಡು ಬಾಳೆಹಣ್ಣು ಇಟ್ಟುಕೊಂಡೇ ಮಲಗಿ. ಕೊನೆಯ ಕಂಟ್ರೋಲಿನಲ್ಲಿ ಕುಡಿದ ಕಾಫಿಯಲ್ಲಿ ಅರ್ಧ ಕೆಫೀನ್ ಐದಾರು ತಾಸಿನ ಮೇಲೂ ಮೈಯಲ್ಲಿ ಇರುತ್ತದೆ. ಬೆಳಗ್ಗೆ ಮುಗಿಸಿ ಬಂದವರು ಹಗಲು ಒಂದೂವರೆ ಎರಡು ತಾಸಿಗೆ ಅಲಾರಂ ಇಟ್ಟು ಎದ್ದುಬಿಡಿ. ಇಡೀ ಹಗಲು ಮಲಗಿದರೆ ರಾತ್ರಿ ಕೆಡುತ್ತದೆ, ಒಂದು ವಾರ ಹಾಗೇ ಕೆಡುತ್ತ ಹೋಗುತ್ತದೆ. ಆಮೇಲೆ ಮೂರು ರಾತ್ರಿ ಒಂಬತ್ತು ತಾಸು.

ಇನ್ನು ಯಾರೂ ಕೇಳದ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಭಾಗ: ಕೈ. ಮರುದಿನ ಬೆಳಗ್ಗೆ ಅಂಗಿ ಗುಂಡಿ ಹಾಕಿಕೊಳ್ಳುವಾಗ ಗಮನಿಸಿ. ನೆಲದ ಮೇಲಿನ ಒಂದು ರೂಪಾಯಿ ನಾಣ್ಯ ಎತ್ತಿ ನೋಡಿ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದಿದ್ದರೆ ಅಂಗೈಯ ಹೊರಬದಿಯಲ್ಲಿ ಹಾಯುವ ಅಲ್ನಾರ್ ನರ ಹ್ಯಾಂಡಲ್‌ಬಾರಿಗೆ ಒತ್ತಿಸಿಕೊಂಡಿದೆ. ಹೆಬ್ಬೆರಳು, ತೋರು, ನಡುಬೆರಳಾದರೆ ಮಣಿಕಟ್ಟಿನ ನಡುವಿನ ಮೀಡಿಯನ್ ನರ. ಬರೀ ಜೋಮು ಕೆಲವು ದಿನದಿಂದ ಕೆಲವು ವಾರದಲ್ಲಿ ಹೋಗುತ್ತದೆ. ಶಕ್ತಿ ಹೋಗಿದೆಯೇ ಅನ್ನುವುದಕ್ಕೆ ಪರೀಕ್ಷೆ ಹೀಗಿದೆ: ಹೆಬ್ಬೆರಳನ್ನು ಮಡಚದೆ ತೋರುಬೆರಳಿನ ಬದಿಗೆ ಒತ್ತಿ, ನಡುವೆ ಒಂದು ಹಾಳೆ ಹಿಡಿದುಕೊಳ್ಳಿ. ಇನ್ನೊಬ್ಬರು ಎಳೆಯಲಿ. ಹಾಳೆ ಉಳಿಸಿಕೊಳ್ಳಲು ಹೆಬ್ಬೆರಳ ತುದಿ ತಾನಾಗಿ ಮಡಚಿಕೊಂಡರೆ ಅಲ್ನಾರ್ ನರದ ಸ್ನಾಯು ಸೋತಿದೆ. ಅದು ಗಾದಿ ಗ್ಲೌಸಿನಿಂದ ಸರಿಹೋಗುವ ಮಾತಲ್ಲ, ಸೈಕಲ್ ಬಿಟ್ಟು ನರರೋಗ ತಜ್ಞರನ್ನು ಕಾಣಬೇಕು.

ಕಾರಣ ಬಹಳ ಸಲ ಕೈಯಲ್ಲಿ ಇರುವುದಿಲ್ಲ, ಸೀಟಿನಲ್ಲಿ ಇರುತ್ತದೆ. ಸೀಟಿನ ಉದ್ದಕ್ಕೆ ಒಂದು ಸಪಾಟು ಹಲಗೆ ಇಟ್ಟು, ಮೇಲೆ ಗೌಂಡಿಗಳ ರಸಮಟ್ಟ ಇಡಿ; ಫೋನಿನ ರಸಮಟ್ಟವೂ ನಡೆದೀತು. ಮೂತಿ ಕೆಳಗಾಗಿದ್ದರೆ ಮೈ ಮುಂದಕ್ಕೆ ಜಾರುತ್ತದೆ, ಜಾರುವ ಮೈಯನ್ನು 40 ತಾಸು ಅಂಗೈ ತಡೆಯುತ್ತದೆ. ಕೂರುವ ಜಾಗ ಜೋಮು ಹಿಡಿಯುತ್ತದೆ ಅಂತ ಮೂತಿ ಇಳಿಸಿದವರಿಗೆ ಕೈ ಹೋಗುವುದು ಹೀಗೆ. ಆ ಜಾಗದ ಜೋಮು ಒಂದು ದಿನದಲ್ಲಿ ಹೋಗಬೇಕು. ಪೂರ್ತಿ ಸ್ಪರ್ಶ ಬರುವವರೆಗೆ ಸೀಟಿನ ಮೇಲೆ ಕೂರಬೇಡಿ, ವಾರ ದಾಟಿದರೆ ಡಾಕ್ಟರಿಗೆ ಹೇಳಿ. ಮೊಣಕಾಲ ಮುಂದೆ ನೋವಿದ್ದರೆ ಸೀಟು ತಗ್ಗಾಗಿರುವುದು ಹೆಚ್ಚು, ಹಿಂದೆ ನೋವಿದ್ದರೆ ಎತ್ತರವಾಗಿರುವುದು ಹೆಚ್ಚು. ಸರಿಪಡಿಸುವುದಾದರೆ ಒಂದು ಸಲಕ್ಕೆ 3ರಿಂದ 5 ಮಿಲಿಮೀಟರ್, ಅದೂ ನೋವು ಹೋದ ಮೇಲೆ. ಕುತ್ತಿಗೆ ಬಿಗಿಯುವುದು ಎಲ್ಲರಿಗೂ ಇದ್ದದ್ದೇ. ತಲೆ ಎತ್ತಿ ಹಿಡಿಯಲಾಗದೆ ಗದ್ದ ಎದೆಗೆ ಬೀಳುವ ಸ್ಥಿತಿಗೆ, 1983ರಲ್ಲಿ ಅಮೆರಿಕ ಅಡ್ಡ ಹಾಯುವ ಪಂದ್ಯದಲ್ಲಿ ಅದು ಬಡಿದ ಮೈಕೆಲ್ ಶರ್ಮರ್ ಅವರ ಹೆಸರೇ ಉಳಿದಿದೆ.

ಮೊದಲೆರಡು ದಿನ ನಡಿಗೆ ಮಾತ್ರ. ಹುಬ್ಬಳ್ಳಿ ಸ್ಟೇಶನ್ನಿನ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ. ಈ ತುದಿಯಿಂದ ಆ ತುದಿಗೆ ಹೋಗಿ ವಾಪಸ್ ಬಂದರೆ ಆ ದಿನದ ಕೋಟಾ ಮುಗಿಯಿತು. ಎಣ್ಣೆ ಹಚ್ಚಿ ಮೆಲ್ಲಗೆ ನೀವುವುದು ಹಿತ. ಮೊದಲ ದಿನವೇ ಗುದ್ದಿ ಗುದ್ದಿ ಮಾಲೀಸು ಬೇಡ. ಐಸಿನ ತೊಟ್ಟಿ, ಬಿಗಿ ಕಾಲುಚೀಲ ಇದ್ದವರು ಬಳಸಲಿ, ಇಲ್ಲದವರು ಕಳೆದುಕೊಳ್ಳುವುದು ಏನೂ ಇಲ್ಲ. ಆ ವಾರ ನೆಗಡಿ, ಗಂಟಲುನೋವು ಬೇಗ ಅಂಟುತ್ತದೆ, ಮದುವೆ-ಜಾತ್ರೆಯ ಗದ್ದಲದಿಂದ ದೂರ ಇದ್ದರೆ ಚಲೋ. ಮೂರನೇ ನಾಲ್ಕನೇ ದಿನ ಕಾರಣವಿಲ್ಲದೆ ಮನಸ್ಸು ಖಾಲಿ ಖಾಲಿ ಅನಿಸುವುದು, ಮನೆಯವರ ಮೇಲೆ ರೇಗುವುದು ಕೂಡ ಸುಸ್ತಿನ ಭಾಗವೇ. ಮನೆಯವರಿಗೆ ಮೊದಲೇ ಹೇಳಿಟ್ಟಿರಿ.

ಮೂರನೇ ಅಥವಾ ನಾಲ್ಕನೇ ದಿನ 30ರಿಂದ 40 ನಿಮಿಷ ಸೈಕಲ್, ಸಪಾಟು ರಸ್ತೆ, ಪಕ್ಕದವರ ಜೊತೆ ಪೂರ್ತಿ ವಾಕ್ಯ ಆಡಬಲ್ಲಷ್ಟು ನಿಧಾನ. ಮಳೆಗಾಲದ ಪಡುವಣ ಗಾಳಿಯಲ್ಲಿ ಹುಬ್ಬಳ್ಳಿಯಿಂದ ಗದಗಿನ ಕಡೆ ಹೊರಟರೆ ಹೋಗುವಾಗ ಗಾಳಿಯೇ ತಳ್ಳುತ್ತದೆ, ಬರುವಾಗ ಎದೆಗೆ ಹೊಡೆಯುತ್ತದೆ. ಹಗುರ ಸವಾರಿ ಅಂತ ಹೊರಟದ್ದು ಕುಸ್ತಿಯಾಗುತ್ತದೆ. ಮೊದಲು ಗಾಳಿಗೆ ಎದುರಾಗಿ ಹೋಗಿ, ಗಾಳಿ ಬೆನ್ನಿಗಿಟ್ಟುಕೊಂಡು ಮನೆಗೆ ಬನ್ನಿ.

ಹೆಚ್ಚಿಸಬಹುದೇ ಅನ್ನುವುದನ್ನು ಕಾಲನ್ನು ಕೇಳಬೇಡಿ, ನಾಡಿ ಕೇಳಿ. ಬೆಳಗ್ಗೆ ಏಳುವ ಮುನ್ನ ಪೂರ್ತಿ ಒಂದು ನಿಮಿಷ ಎಣಿಸಿ. ಸವಾರಿಗೆ ಮುಂಚಿನ ವಾರದ ಸರಾಸರಿಗಿಂತ ಐದಾರು ಹೆಚ್ಚಿದ್ದರೆ ಆ ದಿನ ಬಿಡಿ. ಇಲ್ಲೊಂದು ತಿರುವು ಇದೆ. ಆಳವಾಗಿ ದಣಿದ ಮೈಯಲ್ಲಿ ಸೈಕಲ್ ತುಳಿಯುವಾಗ ನಾಡಿ ಏರುವುದೇ ಇಲ್ಲ. ಯಾವಾಗಲೂ 150 ಮುಟ್ಟುವ ಏರಿನಲ್ಲಿ 135ಕ್ಕೇ ನಿಲ್ಲುತ್ತದೆ, ಆದರೆ ಉಸಿರು ಮತ್ತು ಶ್ರಮ 150ರದ್ದೇ. ವಾಚು ನೋಡಿ "ಫಿಟ್ ಆಗೇನಿ" ಅಂದುಕೊಳ್ಳುವವರು ಇಲ್ಲೇ ಜಾರುತ್ತಾರೆ. ಅದೇ ಏರು, ಅದೇ ಶ್ರಮಕ್ಕೆ ಹಳೆಯ ನಾಡಿ ಬಂದ ದಿನ ಹೃದಯ ವಾಪಸ್ ಬಂತು ಅಂತ ತಿಳಿಯಿರಿ.

"ಸರ್, ಒಂದ್ ವರ್ಷದಾಗ ಸೂಪರ್ ರಾಂಡೊನಿಯರ್ ಮುಗಿಸಬೇಕಂದ್ರ ಎಷ್ಟು ದಿನ ಬಿಡಬೇಕ್ರಿ?" ಅಂತ ಒಬ್ಬರು ಕೇಳಿದರು. ಆ ಬಿರುದಿಗೆ ನವೆಂಬರಿನಿಂದ ಅಕ್ಟೋಬರಿನ ಋತುವಿನಲ್ಲಿ 200, 300, 400, 600 ನಾಲ್ಕೂ ಆಗಬೇಕು. ಹನ್ನೆರಡು ತಿಂಗಳು ಇರುವಾಗ ನಾಲ್ಕನ್ನು ಆರು ವಾರದಲ್ಲಿ ತುರುಕುವ ಚಟ ಯಾಕೋ ತಿಳಿಯದು. ಅಂದಾಜಿನ ಲೆಕ್ಕದಲ್ಲಿ, ಜೋರಿನ ತುಳಿತಕ್ಕೆ ಮುಂಚೆ 200ರ ಮೇಲೆ ನಾಲ್ಕು ದಿನ, 300ರ ಮೇಲೆ ಒಂದು ವಾರ, 400ರ ಮೇಲೆ ಹತ್ತು ದಿನ, 600ರ ಮೇಲೆ ಎರಡು ವಾರ. 1,000 ದಾಟಿದರೆ ಒಂದು ತಿಂಗಳು. ನಲವತ್ತೈದು ದಾಟಿದವರು ಇದಕ್ಕೆ ಮೂರನೇ ಒಂದು ಭಾಗ ಸೇರಿಸಿ. ಬೆರಳಿನ ಜೋಮು ಉಳಿದಿದ್ದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ.

ಇನ್ನೊಂದು ಪ್ರಶ್ನೆ ರಕ್ತಪರೀಕ್ಷೆಯದ್ದು. ಸವಾರಿ ಮುಗಿದ ವಾರವೇ ರಿಯಾಯಿತಿ ದರದ ಫುಲ್ ಬಾಡಿ ಚೆಕಪ್ ಮಾಡಿಸಿ, ವರದಿ ನೋಡಿ ಗಾಬರಿಯಾಗುವವರು ಇದ್ದಾರೆ. ಸಿಪಿಕೆ ಅನ್ನುವ ಕಿಣ್ವ ಮಾಮೂಲಿಗಿಂತ ಹತ್ತಾರು ಪಟ್ಟು ಏರಿರಬಹುದು, ಅದು ಸ್ನಾಯುವಿನಿಂದ ಸೋರಿದ್ದು. ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ ಕಿಣ್ವ ಏರಿದ್ದರೆ ಯಕೃತ್ತು ಕೆಟ್ಟಿದೆ ಅಂತ ಮದ್ಯದ ವಿಚಾರಣೆ ಶುರುವಾಗುತ್ತದೆ. ಆ ಕಿಣ್ವ ಸ್ನಾಯುವಿನಲ್ಲೂ ಇದೆ. ಮೂತ್ರಪಿಂಡದ ಕೆಲಸ ಅಳೆಯುವ ಕ್ರಿಯಾಟಿನಿನ್ ಕೂಡ ತುಸು ಏರಿರುತ್ತದೆ. ತುರ್ತಿಲ್ಲದ ಪರೀಕ್ಷೆಯನ್ನು ಎರಡು ವಾರ ಮುಂದೂಡಿ. ಎದೆನೋವು, ಉಸಿರುಗಟ್ಟುವುದು, ಕಪ್ಪು ಮೂತ್ರ ಇದ್ದರೆ ಮುಂದೂಡುವ ಪ್ರಶ್ನೆಯೇ ಇಲ್ಲ, ಆಗ ಡಾಕ್ಟರ್ ಕುರ್ಚಿಯ ಎದುರು ಕೂತಕೂಡಲೇ ಹೇಳಬೇಕಾದ ಮೊದಲ ಮಾತು: "ಮೊನ್ನೆ 600 ಕಿಲೊಮೀಟರ್ ಸೈಕಲ್ ಹೊಡದೇನ್ರಿ." ಇದನ್ನು ಹೇಳದೆ ವರದಿಯನ್ನಷ್ಟೇ ಮುಂದಿಟ್ಟರೆ ಅವರಾದರೂ ಏನು ಮಾಡಬೇಕು?